ಅಡುಗೆ ಬೇಯಲಿ, ಅಡುಗೆಮನೆ ಬೇಯದಿರಲಿ



ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆ ಗಂಟೆ. ತುಮಕೂರಿನ ಯಾವುದೋ ಬಡಾವಣೆಯ ತಾರಸಿ ಮನೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಮುಗಿದಿದೆ. ನೀವು ಹಜಾರದಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದೀರಿ. ಆದರೂ ಸೆಖೆ ತಡೆಯಲಾಗುತ್ತಿಲ್ಲ. ಒಮ್ಮೆ ಎದ್ದು ಅಡುಗೆಮನೆಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತು ಬನ್ನಿ. ಅಲ್ಲಿ ಫ್ಯಾನ್ ಇರುವುದಿಲ್ಲ. ಇದ್ದರೂ ಉರಿ ಆರಿಹೋಗುತ್ತದೆ ಎಂದು ಹಾಕುವಂತಿಲ್ಲ. ಒಂದು ಒಲೆಯ ಮೇಲೆ ಬೇಳೆ, ಇನ್ನೊಂದರ ಮೇಲೆ ಮುದ್ದೆಗೆ ಎಸರು. ಗೋಡೆ ಬಿಸಿ, ಕಟ್ಟೆಯ ಕಲ್ಲು ಬಿಸಿ, ಉಸಿರಾಡುವ ಗಾಳಿಯೂ ಬಿಸಿ. ನೀವು ಐದು ನಿಮಿಷ ನಿಂತ ಜಾಗದಲ್ಲಿ ಅಮ್ಮನೋ ಅಜ್ಜಿಯೋ ದಿನಕ್ಕೆ ಮೂರು ನಾಲ್ಕು ಗಂಟೆ ನಿಲ್ಲುತ್ತಾರೆ.

ಇಂದಿನ ಭಾಷಣದ ವಿಷಯ ಇದೇ. ಬೇಸಿಗೆಯಲ್ಲಿ ಮನೆಮಂದಿಗೆಲ್ಲ ಅಡುಗೆಯಾಗಬೇಕು, ಆದರೆ ಅಡುಗೆಮನೆ ಕಾಯಬಾರದು. ಇದು ಸಾಧ್ಯವೆ? ಕೇಳಿದವರು ಬಹುಮಂದಿ ನಗುತ್ತಾರೆ. ಬೆಂಕಿ ಹಚ್ಚಿದ ಮೇಲೆ ಬಿಸಿಯಾಗದೆ ಇರುತ್ತದೆಯೆ ಎನ್ನುತ್ತಾರೆ. ಆದರೆ ವಿಜ್ಞಾನ ಓದುವವರು ಇಲ್ಲಿ ಬೇರೆ ಪ್ರಶ್ನೆಯನ್ನು ಕೇಳಬೇಕು. ನಾವು ಹಚ್ಚಿದ ಬೆಂಕಿಯ ಶಾಖದಲ್ಲಿ ಅಡುಗೆಗೆ ಹೋದದ್ದು ಎಷ್ಟು? ಉಳಿದದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ಅಚ್ಚುಕಟ್ಟಾಗಿ ಕೇಳಿ, ಅಳೆದು, ಉತ್ತರ ಪಡೆದದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಅಮೂಲ್ಯ ರೆಡ್ಡಿ. ಅವರು ವಿದ್ಯುತ್ ರಸಾಯನ ವಿಜ್ಞಾನಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಈ ಕೇಂದ್ರದ ಕ್ಷೇತ್ರ ಶಾಖೆ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಜನ ಯಾವ ಶಕ್ತಿಯನ್ನು ಎಷ್ಟು ಬಳಸುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಮನೆ ಮನೆಗೆ ಹೋಗಿ ಲೆಕ್ಕ ಹಾಕಿದರು. ಅಂಥ ಹಳ್ಳಿಗಳಲ್ಲಿ ಒಂದು, ಪುರ. 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಒಂದೊಂದು ಮನೆಯವರೂ ದಿನಕ್ಕೆ ಸರಾಸರಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು, ಸುಮಾರು ಐದು ಕಿಲೋಮೀಟರ್ ನಡೆದು, ಹತ್ತು ಕಿಲೋದಷ್ಟು ಸೌದೆ ತರುತ್ತಿದ್ದರು. ಆ ಸೌದೆಯಲ್ಲಿ ಹೆಚ್ಚಿನದೆಲ್ಲ ಅಡುಗೆಗೂ ಸ್ನಾನದ ನೀರಿಗೂ ಉರಿಯುತ್ತಿತ್ತು.

ಅಳತೆಯಿಂದ ಹೊರಬಂದ ಸಂಗತಿ ಇದು: ಹಳೆಯ ಮಣ್ಣಿನ ಒಲೆಯಲ್ಲಿ ನೂರು ಪಾಲು ಶಾಖ ಹುಟ್ಟಿದರೆ ಪಾತ್ರೆಯೊಳಕ್ಕೆ ಹತ್ತು ಪಾಲೂ ಹೋಗುತ್ತಿರಲಿಲ್ಲ. ಉಳಿದ ತೊಂಬತ್ತು ಪಾಲು ಎಲ್ಲಿಗೆ? ಒಲೆಯ ಬಾಯಿಂದ, ಪಾತ್ರೆಯ ಸುತ್ತಲ ಸಂದಿನಿಂದ ಹೊಗೆಯ ಜೊತೆಗೆ ಕೋಣೆಗೆ. ಒಲೆಯ ಮಣ್ಣಿಗೆ, ಗೋಡೆಗೆ. ಎದುರು ಕುಳಿತು ಸೌದೆ ನೂಕುವ ಹೆಂಗಸಿನ ಮುಖಕ್ಕೆ. ಐದು ಕಿಲೋಮೀಟರ್ ನಡೆದು ಹೊತ್ತು ತಂದ ಹತ್ತು ಕಿಲೋ ಸೌದೆಯಲ್ಲಿ ಒಂಬತ್ತು ಕಿಲೋ, ಹೊತ್ತು ತಂದವಳನ್ನೇ ಬೇಯಿಸಲು ಉರಿಯುತ್ತಿತ್ತು ಎಂದರೆ ತಪ್ಪಾಗಲಾರದು.

ಇದಕ್ಕೆ ಉತ್ತರವಾಗಿ ಅದೇ ಕೇಂದ್ರದ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು 1980ರ ದಶಕದ ಮೊದಲಲ್ಲಿ ಒಂದು ಒಲೆಯನ್ನು ರೂಪಿಸಿದರು. 'ಅಸ್ತ್ರ ಒಲೆ' ಎಂದು ಅದಕ್ಕೆ ಹೆಸರಾಯಿತು. ನಿಮ್ಮ ಅಜ್ಜಿಯರಲ್ಲಿ ಕೆಲವರು ಅದರಲ್ಲಿ ಅಡುಗೆ ಮಾಡಿರಬಹುದು, ಕೇಳಿ ನೋಡಿ. ಬೆಂಕಿ ಸುತ್ತಲೂ ಮುಚ್ಚಿದ ಗೂಡಿನಲ್ಲಿ ಉರಿಯುತ್ತದೆ. ಸೌದೆಯ ಕೆಳಗೆ ಜಾಲರಿ ಇದ್ದು ಗಾಳಿ ಅಲ್ಲಿಂದ ಬರುತ್ತದೆ. ಪಾತ್ರೆಗಳು ಕಂಡಿಗೆ ಸರಿಯಾಗಿ ಕೂರುತ್ತವೆ, ಸಂದು ಉಳಿಯುವುದಿಲ್ಲ. ಒಂದರ ಹಿಂದೆ ಒಂದರಂತೆ ಮೂರು ಪಾತ್ರೆ. ಮೊದಲನೆಯದನ್ನು ಕಾಯಿಸಿದ ಬಿಸಿಗಾಳಿ ಎರಡನೆಯದನ್ನೂ ಮೂರನೆಯದನ್ನೂ ಸವರಿಕೊಂಡು ಕೊನೆಗೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಪ್ರಯೋಗಾಲಯದ ಅಳತೆಯಲ್ಲಿ ಇದರ ದಕ್ಷತೆ ನೂರಕ್ಕೆ ನಲವತ್ತರ ಆಸುಪಾಸು ಇತ್ತು. ಮನೆಗಳಲ್ಲಿ ಅಷ್ಟು ಸಿಗಬೇಕಾದರೆ ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೆಯಬೇಕು, ಬಿರುಕಿಗೆ ಮಣ್ಣು ಮೆತ್ತಬೇಕು. ಅವು ನಡೆಯದ ಕಡೆ ಲಾಭವೂ ಸಿಗಲಿಲ್ಲ.

ಪುರದಲ್ಲಿ ಇನ್ನೊಂದು ಸ್ವಾರಸ್ಯವಾದ ಪ್ರಯೋಗ ನಡೆಯಿತು. ಊರ ದನಗಳ ಸಗಣಿಯನ್ನೆಲ್ಲ ಸೇರಿಸಿ ಗೋಬರ್ ಅನಿಲ ತಯಾರಿಸಿ ಮನೆ ಮನೆಗೆ ಅಡುಗೆಗೆ ಕೊಡಬೇಕೆಂದು ಮೊದಲು ಯೋಚಿಸಿದರು. ಅನಿಲ ಸಾಕಾಗಲಿಲ್ಲ. ಆಮೇಲೆ, 1987ರಿಂದ, ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸಿದರು. ಮನೆಗಳಲ್ಲಿ ದೀಪ ಉರಿಯಿತು, ಕುಡಿಯುವ ನೀರಿನ ಪಂಪು ನಡೆಯಿತು. ಊರಿನ ಅಡುಗೆಗೆ ಸಾಲದ ಅನಿಲ ಊರಿನ ದೀಪಕ್ಕೂ ನೀರಿಗೂ ಸಾಕಾಯಿತು! ಮನೆಯಲ್ಲಿ ಅತಿ ಹೆಚ್ಚು ಶಕ್ತಿ ನುಂಗುವುದು ದೀಪವಲ್ಲ, ಒಲೆ ಎಂಬುದು ಇದರಿಂದ ಮನದಟ್ಟಾಗುತ್ತದೆ. ವ್ಯರ್ಥವಾಗುವ ಶಾಖವೂ ಅಲ್ಲಿಯೇ ಹೆಚ್ಚು.

ಈಗ ನಮ್ಮ ಕಾಲಕ್ಕೆ ಬರೋಣ. ಇಂದು ಪಟ್ಟಣಗಳಲ್ಲಿ ಸೌದೆ ಒಲೆ ಅಪರೂಪ. ಹಳ್ಳಿಗಳಲ್ಲೂ ಗ್ಯಾಸ್ ಬಂದಿದೆ, ಸ್ನಾನದ ನೀರಿಗೆ ಮಾತ್ರ ಸೌದೆ ಎನ್ನುವ ಮನೆಗಳು ಬೇಕಾದಷ್ಟಿವೆ. ಹೊಗೆ ಹೋಯಿತು, ಒಳ್ಳೆಯದೇ ಆಯಿತು. ಬಿಸಿ ಹೋಯಿತೆ? ನಮ್ಮ ದೇಶದ ಮಾನಕದ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆಯ ದಕ್ಷತೆ ನೂರಕ್ಕೆ 68 ಆದರೂ ಇರಬೇಕು. ಎಂದರೆ ಹೊಸ, ಒಳ್ಳೆಯ ಒಲೆಯಲ್ಲೂ ಮೂರರಲ್ಲಿ ಒಂದು ಪಾಲು ನೇರವಾಗಿ ಕೋಣೆಗೆ ಹೋಗುತ್ತದೆ. ಗಂಟೆಗೆ 150 ಗ್ರಾಂ ಅನಿಲ ಉರಿಯುವ ಬರ್ನರ್ ಸುಮಾರು ಎರಡು ಕಿಲೋವ್ಯಾಟ್ ಶಾಖ ಕೊಡುತ್ತದೆ. ಸಾವಿರ ವ್ಯಾಟಿನ ಎರಡು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವ ಗಾಳಿ ಎಲ್ಲ ಸೇರಿ ಇಪ್ಪತ್ತೈದು ಕಿಲೋ. ಅಷ್ಟು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 25 ಕಿಲೋಜೂಲ್ ಸಾಕು. ಕಿಟಕಿ, ಗೋಡೆಗಳು ಕಾಪಾಡದಿದ್ದರೆ ಒಂದು ಬರ್ನರಿನಿಂದ ಸೋರುವ ಶಾಖವೇ ನಿಮಿಷಕ್ಕೆ ಒಂದು ಡಿಗ್ರಿಗೂ ಹೆಚ್ಚು ಏರಿಸಬಲ್ಲದು.

ಇದರ ಜೊತೆಗೆ ತೇವ. ಒಂದು ಕಿಲೋ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ರಸಾಯನಶಾಸ್ತ್ರ ಓದುವವರು ಬ್ಯೂಟೇನ್ ದಹನದ ಸಮೀಕರಣ ಬರೆದು ತಾಳೆ ನೋಡಿ. ಸುತ್ತಲಿನ ಗಾಳಿ 35 ಡಿಗ್ರಿ ಮುಟ್ಟಿದಾಗ ನಮ್ಮ ಚರ್ಮಕ್ಕೂ ಗಾಳಿಗೂ ಉಷ್ಣತೆಯಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಆಗ ದೇಹ ತಣಿಯಲು ಇರುವ ಒಂದೇ ದಾರಿ ಬೆವರು ಆರುವುದು. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಆರದೆ ಬರಿದೆ ಹರಿಯುತ್ತದೆ. ಅಡುಗೆಮನೆಯ ಸೆಖೆ ಬೀದಿಯ ಬಿಸಿಲಿಗಿಂತ ಹಿಂಸೆ ಎನಿಸುವುದು ಇದಕ್ಕೇ. 2024ರ ಏಪ್ರಿಲ್ ಕೊನೆಯಲ್ಲಿ, ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ ಉಷ್ಣತೆ 38 ಡಿಗ್ರಿ ದಾಟಿತು. ಅಂಥ ದಿನಗಳಲ್ಲಿ ವಯಸ್ಸಾದವರು ಒಲೆಯ ಮುಂದೆ ನಿಂತು ತಲೆಸುತ್ತಿ ಕುಸಿಯುವುದು ಸಂಭವ. ಇದು ಬರೀ ಅನುಕೂಲದ ಮಾತಲ್ಲ.

ಹಾಗಾದರೆ ಮಾಡುವುದೇನು? ಮೊದಲು, ಕುದಿಯುವುದು ಎಂದರೇನು ಎಂದು ತಿಳಿಯೋಣ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ನೂರು ಡಿಗ್ರಿಯಲ್ಲಿ ಅಲ್ಲ, ಸುಮಾರು 97 ಡಿಗ್ರಿಯಲ್ಲಿ. ಕುದಿ ಬಂದ ಮೇಲೆ ಉರಿಯನ್ನು ಎಷ್ಟೇ ಜೋರು ಮಾಡಿದರೂ ತೆರೆದ ಪಾತ್ರೆಯ ನೀರು 97ರಿಂದ ಮೇಲೇರುವುದಿಲ್ಲ. ಕೊತಕೊತ ಕುದಿಯುವ ಬೇಳೆಯೂ ಮೆಲ್ಲಗೆ ಗುಳ್ಳೆ ಏಳುವ ಬೇಳೆಯೂ ಒಂದೇ ಹೊತ್ತಿಗೆ ಬೇಯುತ್ತವೆ. ಜೋರು ಉರಿಯ ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲಿ ಕಳೆಯುತ್ತದೆ.

ಎಷ್ಟು ಕಳೆಯುತ್ತದೆ? ಒಂದು ಲೀಟರ್ ನೀರನ್ನು 28 ಡಿಗ್ರಿಯಿಂದ 97ಕ್ಕೆ ಏರಿಸಲು ಸುಮಾರು 290 ಕಿಲೋಜೂಲ್ ಬೇಕು. ಅದರಲ್ಲಿ ಅರ್ಧ ಲೀಟರ್ ಆವಿಯಾಗಿ ಹೋದರೆ? ನೀರಿನ ಗುಪ್ತೋಷ್ಣ ಕಿಲೋಗೆ ಸುಮಾರು 2260 ಕಿಲೋಜೂಲ್. ಅರ್ಧ ಲೀಟರಿಗೆ 1130. ನೀರನ್ನು ಕುದಿಗೆ ತರಲು ಬೇಕಾದ ಶಾಖದ ನಾಲ್ಕು ಪಟ್ಟು ಬರೀ ಆವಿಯಾಗಿ ಹೋಯಿತು! ಆ ಆವಿ ಅಡುಗೆಮನೆಯ ತಣ್ಣನೆಯ ಗೋಡೆಯ ಮೇಲೋ ಪಾತ್ರೆಯ ಮೇಲೋ ಮತ್ತೆ ನೀರಾದಾಗ ಆ ಶಾಖವನ್ನೆಲ್ಲ ಅಲ್ಲಿಯೇ ಬಿಡುತ್ತದೆ. ಪುಸ್ತಕದಲ್ಲಿ ನೀವು ಅಂಕಗಳಿಗಾಗಿ ಉರುಹಾಕುವ ಗುಪ್ತೋಷ್ಣ ಅಮ್ಮನ ಹಣೆಯ ಮೇಲೆ ಬೆವರಾಗಿರುವುದು ಹೀಗೆ.

ಆದ್ದರಿಂದ ಅತಿ ಅಗ್ಗದ, ಅತಿ ದೊಡ್ಡ ಉಪಾಯ ಒಂದು ಮುಚ್ಚಳ. ಸಾರು, ಬೇಳೆ, ಸೊಪ್ಪು, ಎಸರು ಯಾವುದೇ ಇರಲಿ, ತಟ್ಟೆ ಮುಚ್ಚಿ ಕುದಿ ಬರಿಸಿ, ಕುದಿ ಬಂದ ಕೂಡಲೆ ಉರಿ ತಗ್ಗಿಸಿ. ಉರಿ ಪಾತ್ರೆಯ ತಳ ಮೀರಿ ಪಕ್ಕಕ್ಕೆ ನಾಲಗೆ ಚಾಚದಂತೆ ನೋಡಿಕೊಳ್ಳಿ. ಸಣ್ಣ ಪಾತ್ರೆಗೆ ಸಣ್ಣ ಬರ್ನರ್. ಇದನ್ನು ಹೇಳಲು ಭಾಷಣ ಬೇಕೆ ಎನ್ನಬಹುದು. ಆದರೆ ನಾನು ಚಿತ್ರೀಕರಣಕ್ಕಾಗಿ ಹೊಕ್ಕ ಅಡುಗೆಮನೆಗಳಲ್ಲಿ ಮುಚ್ಚಳಗಳು ಕಪಾಟಿನಲ್ಲಿ ಚೆಂದವಾಗಿ ಜೋಡಿಸಿರುವುದನ್ನು ಕಂಡಷ್ಟು, ಪಾತ್ರೆಯ ಮೇಲೆ ಕಂಡಿಲ್ಲ.

ಬಸ್ಸಾರು ಮಾಡುವ ನಮ್ಮ ಸೀಮೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಹೇಗೂ ಸಾರಾಗುತ್ತದೆ. ಮುಚ್ಚಿ ಬೇಯಿಸಿದರೆ ಕಟ್ಟು ಆವಿಯಾಗಿ ಕಡಿಮೆಯಾಗುವುದಿಲ್ಲ, ಮೊದಲೇ ನೀರು ಕಡಿಮೆ ಇಡಬಹುದು. ಕಡಿಮೆ ನೀರು ಎಂದರೆ ಕಡಿಮೆ ಶಾಖ.

ಆವಿ ಯಾವಾಗಲೂ ಶತ್ರುವಲ್ಲ. ಅದು ಮುಚ್ಚಿದ ಪಾತ್ರೆಯೊಳಗೆ ಇರುವವರೆಗೆ ಮಿತ್ರ. ತುಮಕೂರಿನ ಅಂಚಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ನೀವೆಲ್ಲ ತಿಂದಿರುತ್ತೀರಿ. ಒಂದರ ಮೇಲೊಂದು ತಟ್ಟೆ ಪೇರಿಸಿದ ಪಾತ್ರೆಯ ತಳದಲ್ಲಿ ಇರುವುದು ಸ್ವಲ್ಪವೇ ನೀರು. ಅದರ ಹಬೆ ಪ್ರತಿಯೊಂದು ತಟ್ಟೆಗೂ ತಗುಲಿ, ನೀರಾಗಿ, ತನ್ನ ಗುಪ್ತೋಷ್ಣವನ್ನು ಹಿಟ್ಟಿಗೆ ಒಪ್ಪಿಸುತ್ತದೆ. ಒಂದು ಉರಿ, ಹತ್ತಾರು ಇಡ್ಲಿ. ಅದೇ ಹಿಟ್ಟನ್ನು ದೋಸೆ ಹುಯ್ದರೆ ಒಂದೊಂದಕ್ಕೂ ಕಾದ ಕಾವಲಿಯ ಮುಂದೆ ನಿಲ್ಲಬೇಕು, ಕಾವಲಿ ಕೋಣೆಗೆಲ್ಲ ಶಾಖ ಚೆಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಡ್ಲಿ, ಮಳೆಗಾಲದಲ್ಲಿ ದೋಸೆ ಎಂದು ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಬಹುದು. ರೊಟ್ಟಿಗೂ ಇದೇ ಮಾತು.

ಪ್ರೆಷರ್ ಕುಕ್ಕರಿನ ವಿಷಯ ಎಲ್ಲರಿಗೂ ಗೊತ್ತಿದೆ. ಆದರೆ ಕುಕ್ಕರನ್ನು ಕೂಗಿನಿಂದ ಲೆಕ್ಕ ಹಾಕುವ ನಮ್ಮ ಪದ್ಧತಿ ಸರಿಯಲ್ಲ. ಮೂರು ಕೂಗು, ಐದು ಕೂಗು ಎನ್ನುತ್ತೇವೆ. ಪ್ರತಿ ಕೂಗೂ ಕಷ್ಟಪಟ್ಟು ಮಾಡಿದ ಆವಿಯನ್ನು ಕೋಣೆಗೆ ಎಸೆಯುವುದೇ. ಒಳಗೆ ಒತ್ತಡ ತುಂಬಿದಾಗ ಉಷ್ಣತೆ 118-120 ಡಿಗ್ರಿ ಇರುತ್ತದೆ. ಕೂಗಿದರೂ ಅಷ್ಟೆ, ಕೂಗದಿದ್ದರೂ ಅಷ್ಟೆ. ಮೊದಲ ಕೂಗು ಬಂದ ಕೂಡಲೆ ಉರಿಯನ್ನು ಪೂರಾ ಸಣ್ಣದು ಮಾಡಿ, ಗಡಿಯಾರ ನೋಡಿ ಐದಾರು ನಿಮಿಷ ಬಿಟ್ಟು ಆರಿಸಿ. ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟಬೇಡಿ; ಆರಿದ ಮೇಲೂ ಹತ್ತು ನಿಮಿಷ ಒಳಗೆ ಅಡುಗೆ ನಡೆಯುತ್ತಲೇ ಇರುತ್ತದೆ. ಅಕ್ಕಿ, ಬೇಳೆ, ತರಕಾರಿ ಮೂರನ್ನೂ ಡಬ್ಬಿಗಳಲ್ಲಿ ಒಟ್ಟಿಗೆ ಇಟ್ಟರೆ ಒಂದೇ ಉರಿಯಲ್ಲಿ ಮೂರೂ ಮುಗಿಯುತ್ತವೆ.

ಇನ್ನು ನನಗೆ ಬಹಳ ಇಷ್ಟವಾದ ಉಪಾಯಕ್ಕೆ ಬರುತ್ತೇನೆ. ಆರಿಸಿದ ಕುಕ್ಕರಿನೊಳಗೆ ಹತ್ತು ನಿಮಿಷ ಅಡುಗೆ ನಡೆಯುವುದಾದರೆ, ಶಾಖ ಹೊರಹೋಗದಂತೆ ಕಟ್ಟಿಹಾಕಿದರೆ ಎರಡು ಗಂಟೆ ಏಕೆ ನಡೆಯಬಾರದು? ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಲು 80 ಡಿಗ್ರಿ ಧಾರಾಳ ಸಾಕು. ಬೇಳೆಕಾಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಆದರೆ ಯಾವುದಕ್ಕೂ ಸತತವಾಗಿ ಬೆಂಕಿ ಬೇಕಿಲ್ಲ, ಸತತವಾಗಿ ಬಿಸಿ ಬೇಕು. ಈ ಎರಡರ ವ್ಯತ್ಯಾಸವನ್ನು ಬಳಸಿಕೊಂಡದ್ದು ಹುಲ್ಲಿನ ಪೆಟ್ಟಿಗೆ. ನಾರ್ವೆ ದೇಶದ ಅಡುಗೆ ಪೆಟ್ಟಿಗೆ ಎಂದು ಇದನ್ನು 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ತೋರಿಸಿದ್ದರು. ಮಹಾಯುದ್ಧಗಳ ಕಾಲದಲ್ಲಿ ಸೌದೆ, ಕಲ್ಲಿದ್ದಲಿಗೆ ಬರ ಬಂದಾಗ ಯೂರೋಪಿನ ಮನೆಗಳಲ್ಲಿ ಇದು ಬಳಕೆಗೆ ಬಂತು.

ಅವರಿಗೆ ಒಣಹುಲ್ಲು. ನಮಗೆ? ಗುಬ್ಬಿಯ ಕಡೆ ಹೋದರೆ ರಸ್ತೆಯ ಎರಡೂ ಬದಿ ತೆಂಗಿನ ತೋಟ. ತೆಂಗಿನ ನಾರಿಗೆ ಅಲ್ಲಿ ಕೊರತೆಯಿಲ್ಲ. ನಾರಿನ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ ಒಳ್ಳೆಯ ಉಷ್ಣ ನಿರೋಧಕ. ಕಂಬಳಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಒಂದು ದೊಡ್ಡ ಬಿದಿರಿನ ಬುಟ್ಟಿ ತೆಗೆದುಕೊಳ್ಳಿ. ತಳದಲ್ಲಿ ನಾಲ್ಕು ಬೆರಳು, ಸುತ್ತ ಅಷ್ಟೇ ದಪ್ಪಕ್ಕೆ ಚೆನ್ನಾಗಿ ಒಣಗಿದ ನಾರನ್ನು ಒತ್ತಾಗಿ ತುಂಬಿ. ನಾರು ಸಿಗದಿದ್ದರೆ ರಾಗಿ ಹುಲ್ಲೂ ಆದೀತು. ಅದರ ಮೇಲೆ ಹಳೆಯ ಹತ್ತಿ ಸೀರೆಯನ್ನು ಹಾಸಿ ಪಾತ್ರೆ ಕೂರುವಷ್ಟು ಗುಂಡಿ ಮಾಡಿ. ಅದೇ ನಾರು ತುಂಬಿದ ದಿಂಬೊಂದನ್ನು ಮೇಲೆ ಮುಚ್ಚಲು ಹೊಲಿದಿಟ್ಟುಕೊಳ್ಳಿ. ಇಷ್ಟೇ ಯಂತ್ರ.

ಬಳಸುವುದು ಹೀಗೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಅನ್ನಕ್ಕೆ ಬೇಕಾದಷ್ಟೇ ನೀರಿಟ್ಟು, ಮುಚ್ಚಿ, ಕುದಿ ಬಂದ ಮೇಲೆ ನಾಲ್ಕೈದು ನಿಮಿಷ ಬಿಟ್ಟು, ಮುಚ್ಚಳ ತೆಗೆಯದೆ ಪಾತ್ರೆಯನ್ನು ಬುಟ್ಟಿಯೊಳಗೆ ಇಳಿಸಿ ದಿಂಬು ಹಾಕಿ. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಅನ್ನ ಆಗಿರುತ್ತದೆ. ಸೀಯುವ ಭಯವಿಲ್ಲ, ಉಕ್ಕುವ ಭಯವಿಲ್ಲ. ತೊಗರಿಬೇಳೆಯನ್ನು ಎರಡು ಗಂಟೆ ನೆನೆಸಿ, ಹತ್ತು ನಿಮಿಷ ಕುದಿಸಿ ಬುಟ್ಟಿಗಿಟ್ಟರೆ ಎರಡು ಗಂಟೆ ಹಿಡಿಯುತ್ತದೆ. ಹುರುಳಿಯನ್ನು ರಾತ್ರಿಯಿಡೀ ನೆನೆಸಿರಬೇಕು, ಮೊಳಕೆ ಬಂದಿದ್ದರೆ ಇನ್ನೂ ಸುಲಭ. ಪಾತ್ರೆ ತುಂಬ ಇದ್ದಷ್ಟೂ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ಒಬ್ಬರಿಗೆ ಮಾಡುವ ಹಿಡಿ ಅನ್ನಕ್ಕಿಂತ ಆರು ಜನರ ಮನೆಯ ಅನ್ನ ಇದರಲ್ಲಿ ಚೆನ್ನಾಗಿ ಆಗುತ್ತದೆ. ಕೂಡು ಕುಟುಂಬಕ್ಕೆ ಹೇಳಿ ಮಾಡಿಸಿದ ಉಪಕರಣ!

ಎರಡು ಎಚ್ಚರಿಕೆ. ಪಾತ್ರೆಯ ತಳಕ್ಕೆ ಕೆಂಡವಾಗಲಿ ಕಿಡಿಯಾಗಲಿ ಅಂಟಿರಬಾರದು, ಒಣ ನಾರಿಗೆ ಬೆಂಕಿ ತಗಲೀತು. ಬುಟ್ಟಿ ಒಲೆಯಿಂದ ದೂರವಿರಲಿ. ಎರಡನೆಯದು ಇದಕ್ಕಿಂತ ಮುಖ್ಯ. ಆಹಾರ 60 ಡಿಗ್ರಿಗಿಂತ ಕೆಳಗೆ ಇಳಿದು ಬೆಚ್ಚಗೆ ಉಳಿದರೆ ಅದು ಬ್ಯಾಕ್ಟೀರಿಯಾಗಳಿಗೆ ತೊಟ್ಟಿಲು. ಅನ್ನದಲ್ಲಿ ಇದು ಬೇಗ ಆಗುತ್ತದೆ. ಬುಟ್ಟಿಯಲ್ಲಿಟ್ಟ ಅಡುಗೆಯನ್ನು ಮೂರು ಗಂಟೆಯೊಳಗೆ ಊಟಕ್ಕೆ ತೆಗೆಯಿರಿ, ರಾತ್ರಿಯಿಡೀ ಬಿಡಬೇಡಿ. ಮತ್ತೆ, ಈಗ ಎಲ್ಲರ ಮನೆಗೂ ಬಂದಿರುವ ಕೆಂಪು ರಾಜ್ಮಾ ಕಾಳನ್ನು ಬುಟ್ಟಿಗಿಡುವ ಮೊದಲು ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಲೇಬೇಕು. ಅದರಲ್ಲಿರುವ ಒಂದು ವಿಷವಸ್ತು ಮೆಲ್ಲನೆಯ ಶಾಖಕ್ಕೆ ಅಳಿಯುವುದಿಲ್ಲ.

ಬೇಳೆ ಬೇಯದೆ ಸತಾಯಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು: ಕೊಳವೆ ಬಾವಿಯ ಗಡಸು ನೀರು. ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತುಮಕೂರು ನಗರದವರಿಗೆ ಹೇಮಾವತಿಯ ನೀರು ನಲ್ಲಿಯಲ್ಲಿ ಬಂದ ದಿನ ಅದನ್ನು ಬೇಳೆಗೆಂದು ಎತ್ತಿಡಬಹುದು. ಮಳೆನೀರು ಹಿಡಿದಿಟ್ಟವರು ಇನ್ನೂ ಭಾಗ್ಯವಂತರು.

ಮುದ್ದೆಯ ಮಾತೇನು ಎಂದು ನೀವು ಕಾಯುತ್ತಿರಬಹುದು. ಒಪ್ಪಿಕೊಳ್ಳಬೇಕು, ಮುದ್ದೆಯನ್ನು ಬುಟ್ಟಿಯಲ್ಲಿ ಮಾಡಲಾಗದು. ಎಸರು ಕುದಿಯಬೇಕು, ಹಿಟ್ಟು ಹಾಕಬೇಕು, ಕೋಲು ಹಿಡಿದು ಗಂಟಾಗದಂತೆ ತೊಳಸಬೇಕು. ಅದಕ್ಕೆ ಬೆಂಕಿಯೂ ಬೇಕು, ರಟ್ಟೆಯೂ ಬೇಕು. ಆದರೆ ಎಸರು ಮುಚ್ಚಿಟ್ಟು ಕಾಯಿಸಿದರೆ, ಹಿಟ್ಟು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರೆ, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಸಾರು ಬೆಳಗ್ಗೆಯೇ ಆಗಿದ್ದು ಬುಟ್ಟಿಯಲ್ಲಿ ಬಿಸಿಯಾಗಿ ಕೂತಿದ್ದರೆ ಮಧ್ಯಾಹ್ನ ಒಲೆ ಹಚ್ಚುವುದು ಮುದ್ದೆಗೆ ಮಾತ್ರ. ಮತ್ತೆ, ತೊಳಸುವ ಕೆಲಸವನ್ನು ಮನೆಯ ಹುಡುಗರು ಏಕೆ ವಹಿಸಿಕೊಳ್ಳಬಾರದು? ವ್ಯಾಯಾಮಶಾಲೆಗೆ ಹೋಗುವವರಿಗೆ ಇದು ಭಾರವಾಗಲಾರದು.

ನಮ್ಮ ಹಿಂದಿನವರು ರಾಗಿಯನ್ನು ಬೇಸಿಗೆಯಲ್ಲಿ ಬೇರೆ ರೀತಿಯಲ್ಲೂ ಬಳಸುತ್ತಿದ್ದರು. ಸಂಜೆ ತಂಪು ಹೊತ್ತಿನಲ್ಲಿ ಅಂಬಲಿ ಕಾಯಿಸಿಟ್ಟು ಮರುದಿನ ಮಜ್ಜಿಗೆ, ಈರುಳ್ಳಿ ಸೇರಿಸಿ ಕುಡಿಯುತ್ತಿದ್ದರು. ರಾಗಿಯನ್ನು ಅರಳು ಹುರಿದು ಬೀಸಿದ ಹುರಿಹಿಟ್ಟು ಡಬ್ಬಿಯಲ್ಲಿದ್ದರೆ ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಸಾಕು, ಬೆಂಕಿಯ ಸುದ್ದಿಯೇ ಬೇಡ. ಇಲ್ಲಿ ನಡೆದಿರುವುದನ್ನು ಗಮನಿಸಿ. ಬೆಂಕಿಯನ್ನು ಬಿಟ್ಟಿಲ್ಲ, ಬೆಂಕಿಯ ಕೆಲಸವನ್ನು ಇನ್ನೊಂದು ಹೊತ್ತಿಗೆ, ಇನ್ನೊಂದು ಜಾಗಕ್ಕೆ ಸರಿಸಿದ್ದಾರೆ. ಅವಲಕ್ಕಿಯೂ ಹಾಗೆಯೇ. ಅದನ್ನು ಕಾಯಿಸಿದ್ದು ಗಿರಣಿ. ಮನೆಯಲ್ಲಿ ಹುಣಿಸೆರಸ, ಬೆಲ್ಲ, ಸಾರಿನಪುಡಿಯಲ್ಲಿ ನೆನೆಸಿದರೆ ಗೊಜ್ಜವಲಕ್ಕಿ. ಶ್ರೀರಾಮನವಮಿಯ ಕೋಸಂಬರಿಯಲ್ಲಿ ಹೆಸರುಬೇಳೆ ಬರೀ ನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ. ಪಾನಕ, ಕೋಸಂಬರಿ, ನೀರುಮಜ್ಜಿಗೆ ಮೂರರಲ್ಲೂ ಒಗ್ಗರಣೆಯ ಒಂದು ಚಿಟಿಕೆ ಬಿಟ್ಟರೆ ಬೆಂಕಿಯೇ ಇಲ್ಲ. ಆ ಹಬ್ಬ ಬರುವುದು ಬಿಸಿಲು ಏರುವ ಕಾಲಕ್ಕೆ. ಹಬ್ಬದ ದಿನ ಮಾತ್ರ ಏಕೆ, ವಾರಕ್ಕೆರಡು ಸಂಜೆ ಮಾಡಬಹುದು. ಹಸಿಯಾಗಿ ತಿನ್ನುವುದರಿಂದ ತೊಳೆಯುವ ನೀರು, ನೆನೆಸುವ ನೀರು ಎರಡೂ ಶುದ್ಧವಾಗಿರಬೇಕು.

ಹಳೆಯ ಮನೆಗಳಿಗೂ ಈ ತಿಳಿವಳಿಕೆ ಇತ್ತು. ಗುಬ್ಬಿಯಲ್ಲಿ ಚಿತ್ರೀಕರಣಕ್ಕೆ ಹೋದಾಗ ಒಂದು ಹೆಂಚಿನ ಮನೆ ನೋಡಿದೆ. ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ, ಹೆಂಚಿನ ಸಂದುಗಳು, ಎದುರಿಗೆ ಹಿತ್ತಲ ಬಾಗಿಲು. ಬಿಸಿಗಾಳಿ ಹಗುರ, ಅದು ಮೇಲಕ್ಕೆ ಹೋಗುತ್ತದೆ; ಅದರ ಜಾಗಕ್ಕೆ ಹಿತ್ತಲಿನಿಂದ ತಂಪು ಗಾಳಿ ಬರುತ್ತದೆ. ಬೇಸಿಗೆ ಬಂತೆಂದರೆ ಒಲೆಯೇ ಹಿತ್ತಲ ಮಾಡಿನ ಕೆಳಗೆ ಹೋಗುತ್ತಿತ್ತು ಎಂದು ಆ ಮನೆಯ ಹಿರಿಯರು ಹೇಳಿದರು. ಪಕ್ಕದಲ್ಲೇ ಅವರ ಮಗ ಕಟ್ಟಿಸಿದ ತಾರಸಿ ಮನೆ. ಅಡುಗೆಮನೆಯ ಒಂದೇ ಕಿಟಕಿ ಒಲೆಗಿಂತ ಸ್ವಲ್ಪ ಮೇಲೆ, ಸೂರಿನ ಕೆಳಗಿನ ಮೂರಡಿ ಗಾಳಿಗೆ ಹೊರದಾರಿಯಿಲ್ಲ. ಅಂಥ ಮನೆಯಲ್ಲಿ ಗಾಳಿ ತಳ್ಳುವ ಫ್ಯಾನನ್ನು ಆದಷ್ಟು ಮೇಲೆ ಕೂರಿಸಿ, ಅದಕ್ಕೆ ಎದುರಾದ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಡಬೇಕು. ಗಾಳಿ ಒಳಬರುವ ದಾರಿಯಿಲ್ಲದೆ ಹೊರಹೋಗುವುದಿಲ್ಲ.

ಬಿಸಿಲನ್ನೇ ದುಡಿಸಿಕೊಳ್ಳುವುದೂ ಒಂದು ದಾರಿ. ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಎರಡು ಪದರ ಗಾಜು, ಮುಚ್ಚಳಕ್ಕೆ ಕನ್ನಡಿ. ಇದು ಸೌರ ಒಲೆ. ಮಾರ್ಚ್, ಏಪ್ರಿಲ್‌ನ ತಿಳಿ ಆಕಾಶದಲ್ಲಿ ಬೆಳಗ್ಗೆ ಒಂಬತ್ತೂವರೆಗೆ ತಾರಸಿಯ ಮೇಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅನ್ನ ಬೇಳೆ ಆಗುತ್ತದೆ. ಮೋಡ ಕಟ್ಟುವ ದಿನ ನಂಬುವಂತಿಲ್ಲ. ವಿದ್ಯುತ್ತಿನ ಇಂಡಕ್ಷನ್ ಒಲೆ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ಸೋರುವ ಶಾಖ ಗ್ಯಾಸಿಗಿಂತ ಬಹಳ ಕಡಿಮೆ, ಫ್ಯಾನ್ ಹಾಕಿಕೊಂಡೇ ಅಡುಗೆ ಮಾಡಬಹುದು. ಕರೆಂಟು ಇರಬೇಕು, ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ, ಅದು ಒಲೆಗೆ ಸಂಬಂಧಿಸಿದ್ದಲ್ಲ. ಅಪ್ಪನಿಗೆ ಒಂಬತ್ತಕ್ಕೆ ಬಿಸಿ ಊಟ, ಕಾಲೇಜಿನವರಿಗೆ ಒಂದೂವರೆಗೆ, ತಮ್ಮನಿಗೆ ಮೂರಕ್ಕೆ. ಪ್ರತಿ ಸಲವೂ ಸಾರು ಮತ್ತೆ ಬಿಸಿ, ಅನ್ನ ಮತ್ತೆ ಬಿಸಿ. ಮುಚ್ಚಳದಿಂದ ಉಳಿಸಿದ್ದನ್ನೆಲ್ಲ ಇದು ನುಂಗಿಬಿಡುತ್ತದೆ. ಬೇಸಿಗೆಯ ಎರಡು ತಿಂಗಳಾದರೂ ಎಲ್ಲರೂ ಒಟ್ಟಿಗೆ ಉಂಡರೆ, ಬೆಳಗ್ಗೆ ಎಂಟರೊಳಗೆ ಮುಖ್ಯ ಅಡುಗೆ ಮುಗಿದರೆ, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಒಲೆಗೆ ಹೆಚ್ಚುಕಡಿಮೆ ರಜೆ ಕೊಡಬಹುದು. ಇದನ್ನು ಅಡುಗೆ ಮಾಡುವವರು ತಾವಾಗಿ ಕೇಳುವುದಿಲ್ಲ, ಉಣ್ಣುವವರೇ ಹೇಳಬೇಕು. ರಜೆಯಲ್ಲಿ ಮನೆಯಲ್ಲಿರುವ ನೀವು ಹೇಳಿದರೆ ಮಾತು ನಡೆದೀತು.

ನೀವು ಮಾಡಬಹುದಾದ ಪ್ರಯೋಗವೊಂದನ್ನು ಕೊಡುತ್ತೇನೆ. ಒಂದೇ ಅಳತೆಯ ಎರಡು ಮುಚ್ಚಳದ ಪಾತ್ರೆಗಳಲ್ಲಿ ಎರಡೆರಡು ಲೀಟರ್ ನೀರು ಕುದಿಸಿ. ಒಂದನ್ನು ಕಟ್ಟೆಯ ಮೇಲೆ ಬಿಡಿ, ಒಂದನ್ನು ನಾರಿನ ಬುಟ್ಟಿಗೆ ಇಳಿಸಿ. ಅರ್ಧ ಗಂಟೆಗೊಮ್ಮೆ ಎರಡರ ಉಷ್ಣತೆಯನ್ನೂ ಬರೆದುಕೊಂಡು ನಕ್ಷೆಯ ಹಾಳೆಯಲ್ಲಿ ಎರಡು ವಕ್ರರೇಖೆ ಎಳೆಯಿರಿ. ನ್ಯೂಟನ್ನನ ತಂಪಾಗುವಿಕೆಯ ನಿಯಮವನ್ನು ಓದಿದವರು ಬುಟ್ಟಿಯ ದಪ್ಪವನ್ನು ಬದಲಿಸಿ ಇನ್ನೆರಡು ರೇಖೆ ಸೇರಿಸಬಹುದು. ಪಾದರಸದ ಮಾಪಕವಾದರೆ ಒಡೆಯದಂತೆ ಎಚ್ಚರ, ಅದನ್ನು ತಿನ್ನುವ ಆಹಾರದೊಳಗೆ ಎಂದೂ ಅದ್ದಬೇಡಿ. ಆಮೇಲೆ ಅದೇ ಮಾಪಕವನ್ನು ಅಡುಗೆಮನೆಯಲ್ಲಿ ಒಲೆಯ ಮೇಲಲ್ಲ, ಅಡುಗೆ ಮಾಡುವವರು ನಿಲ್ಲುವ ಜಾಗದಲ್ಲಿ ಎದೆಯ ಎತ್ತರಕ್ಕೆ, ಉರಿ ನೇರವಾಗಿ ತಾಗದಂತೆ ರಟ್ಟು ಅಡ್ಡವಿಟ್ಟು ತೂಗುಹಾಕಿ. ಒಂದು ವಾರ ಎಂದಿನಂತೆ ಅಡುಗೆ ನಡೆಯಲಿ. ಎರಡನೆಯ ವಾರ ಮುಚ್ಚಳ, ಸಣ್ಣ ಉರಿ, ಬುಟ್ಟಿ. ಹೊರಗಿನ ಉಷ್ಣತೆಯನ್ನೂ ಅದೇ ಹೊತ್ತಿಗೆ ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಅಂಕಿಗಳನ್ನು ನಮಗೆ ಬರೆದು ಕಳಿಸಿ.